ಜುಲ್ಮಾ ನೋಡದ ಎರಡು ಪಟ್ಟಿಗಳು

ಸಂಸ್ಥೆಯ ಸ್ಮರಣ ಪುಸ್ತಿಕೆಯಲ್ಲಿ ಆ ಪ್ರಯೋಗಕ್ಕೆ 'ಸಹಾಯಕ ಸಿಬ್ಬಂದಿ' ನೆರವಾದರು ಎಂದಷ್ಟೇ ಇದೆ. ಇದು ಅಪೂರ್ಣ ಮಾತ್ರವಲ್ಲ, ಅಪಚಾರ. ಮೊಂತೆವಿದೇವೊದ ಆ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಇಲಿಗಳನ್ನು ಸಾಕಿದ ನಾನು ಬದುಕಿರುವಾಗಲೇ ಹೀಗೆ ಅಚ್ಚು ಹಾಕಿಸಿದ್ದಾರೆ. ಆ ಪ್ರಯೋಗವನ್ನು ಕೈಯಾರೆ ಮಾಡಿದಾಕೆಗೆ ಹೆಸರಿತ್ತು: ಜುಲ್ಮಾ ಎಚೆಗೊಯೆನ್.

ವಿಷಯ ಇಷ್ಟು. ರೋಗದೊಡನೆ ಕಾದಾಡುವ ಬಿಳಿ ರಕ್ತಕಣದಲ್ಲಿ ಪ್ರತಿಕಾಯದ ಜೀನ್ ಒಂದೇ. ಅದರಿಂದ ನಕಲಾದ ಆರ್‌ಎನ್‌ಎಯ ತುದಿಯನ್ನು ಕಣವು ಎಲ್ಲಿ ಕತ್ತರಿಸುತ್ತದೆ ಎಂಬುದೇ ಮುಖ್ಯ. ಆ ನಕಲು ಉದ್ದ ಉಳಿದರೆ ಪ್ರತಿಕಾಯ ಕಣದ ಮೈಗೇ ಅಂಟಿ ನಿಲ್ಲುತ್ತದೆ. ಗಿಡ್ಡವಾದರೆ ಹೊರಬಿದ್ದು ರಕ್ತದಲ್ಲಿ ರೋಗದ ಬೆನ್ನಟ್ಟುತ್ತದೆ. ವಿಕಿರಣದ ಗುರುತು ಹಚ್ಚಿ ಎಕ್ಸ್‌ರೇ ಫಿಲ್ಮಿಗೆ ಒತ್ತಿಟ್ಟರೆ ಈ ಎರಡು ನಕಲುಗಳೂ ಎರಡು ಕಪ್ಪು ಪಟ್ಟಿಗಳಾಗಿ ಮೂಡಬೇಕು, ಗಿಡ್ಡದು ಕೆಳಗೆ, ಉದ್ದದ್ದು ಮೇಲೆ. ಹೊರದೇಶದವರು ಅದನ್ನು ಮೊದಲೇ ಕಂಡಿದ್ದರು. ತನ್ನ ಕೈಯಿಂದ ಮೂಡಿದ್ದನ್ನು ತಾನೂ ಒಮ್ಮೆ ಕಾಣಬೇಕೆಂಬುದು ಜುಲ್ಮಾಳ ಹಂಬಲ.

1987ರ ಚಳಿಗಾಲವೆಲ್ಲ, ಅಂದರೆ ನಮ್ಮಲ್ಲಿ ಜೂನ್‌ನಿಂದ ಆಗಸ್ಟ್, ಫಿಲ್ಮಿನಲ್ಲಿ ಬರೀ ಮಸಿ ಬಂತು. ಆರ್‌ಎನ್‌ಎ ಚೂರುಚೂರಾಗಿತ್ತು. ನಮ್ಮಲ್ಲಿ 'ಮಾತೆ' ಎಂಬ ಎಲೆಯ ಕಷಾಯ ತುಂಬಿದ ಸೋರೆ ಬುರುಡೆ ಹೀರುವ ಒಂದೇ ಕೊಳವೆಯೊಡನೆ ಎಲ್ಲರ ಕೈ ಸುತ್ತುತ್ತದೆ, ಪ್ರಯೋಗದ ಮೇಜಿನ ಬಳಿಯಲ್ಲೂ. ಎಂಜಲು, ಬೆವರು ತಾಗಿದ ಬೆರಳು ಮುಟ್ಟಿದರೆ ಆರ್‌ಎನ್‌ಎ ಉಳಿಯದು. ಕಾರಣ ಹಿಡಿದವಳು ಜುಲ್ಮಾ.

"ಇನ್ಮೇಲೆ ಬುರುಡೆ ಈ ಹೊಸಿಲು ದಾಟಂಗಿಲ್ಲ."

"ಅಲ್ಲ ಮಾರಾಯ್ತಿ, ಪಾದ್ರಿಗಳೇ ಇಗರ್ಜಿ ಒಳಗೆ ಕೂತು ಕುಡೀತಾರೆ!" ಎಂದು ಮುಖ್ಯಸ್ಥ ಡಾಕ್ಟರ್ ಒತೆಗಿ ನಕ್ಕರು.

"ಪಾದ್ರಿಗಳು ಆರ್‌ಎನ್‌ಎ ತೆಗೀತಾರಾ ಡಾಕ್ಟ್ರೇ? ಹೊರಗೆ ಹೋಗಿ ಕುಡೀರಿ."

ಅಕ್ಟೋಬರ್ 27, ಮಂಗಳವಾರ, ಅವಳು ಹೊಸ ಫಿಲ್ಮನ್ನು ವಿಕಿರಣದ ಕೋಣೆಯ ಶೀತಪೆಟ್ಟಿಗೆಯಲ್ಲಿಟ್ಟಳು. ದಾಸ್ತಾನಿನಲ್ಲಿ ಉಳಿದಿದ್ದ ಕಡೆಯ ಹಾಳೆ ಅದು. ಪಟ್ಟಿ ಮೂಡಲು ಅದು ಏಳು ದಿನ ಅಲ್ಲೇ ಇರಬೇಕು. ಅವಳ ನಿವೃತ್ತಿ ಶುಕ್ರವಾರಕ್ಕೆ. ನಿವೃತ್ತರಿಗೆ ವಿಕಿರಣದ ಕೋಣೆಗೆ ಪ್ರವೇಶವಿಲ್ಲ. ವಿನಾಯಿತಿ ಕೋರಿ ನಾನು ಕೊಟ್ಟ ಅರ್ಜಿಗೆ ಇಂದಿನವರೆಗೂ ಉತ್ತರವಿಲ್ಲ.

"ಶುಕ್ರವಾರಾನೇ ತೆಗೆದುಬಿಡು. ಯಾರು ಕೇಳ್ತಾರೆ?" ಎಂದೆ.

"ಮೂರು ದಿನಕ್ಕೆ ಗಿಡ್ಡದು ಕಂಡೀತು, ಉದ್ದದ್ದು ಕಾಣಲ್ಲ. ಅರ್ಧಂಬರ್ಧ ಬೆಂದಿದ್ದನ್ನ ಒಲೆಯಿಂದ ಇಳಿಸ್ಲಾ?"

ಶುಕ್ರವಾರ ಅವಳು ಬೀಗದ ಕೈ ಒಪ್ಪಿಸಿ ಹೋದಳು.

ಮುಂದಿನ ಮಂಗಳವಾರ ಬೆಳಿಗ್ಗೆ ಒತೆಗಿ ಫಿಲ್ಮು ತೊಳೆದರು. ಮಧ್ಯಾಹ್ನದ ಹಡಗಿನಲ್ಲಿ ಅದು ಅವರ ಚೀಲದೊಳಗೆ ಬ್ಯೂನಸ್ ಐರಿಸ್‌ನ ಸಮ್ಮೇಳನಕ್ಕೆ ಹೋಯಿತು, ಮರಳಲಿಲ್ಲ. ಹೊರಡುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದ್ದರು. ನಾನು ಕಚೇರಿಯಿಂದ ಜುಲ್ಮಾಳಿಗೆ ಫೋನ್ ಮಾಡಿದೆ.

"ಬಂದಿದೆ ಜುಲ್ಮಾ. ಎರಡೂ ಬಂದಿವೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಾನು ಯಾವತ್ತಾದ್ರೂ ಸುಳ್ಳು ಲೆಕ್ಕ ಹೇಳಿದೀನಾ? ನಡುವೆ ನಾಲ್ಕು ಮಿಲಿಮೀಟರ್."

"ಕೆಳಗಿಂದು?"

"ಇದ್ದಿಲಿನ ಹಾಗೆ ಕಪ್ಪಗಿದೆ. ಮೇಲಿಂದು ತೆಳು. ಆದ್ರೆ ಇದೆ."

ಅವಳು ಮುಂದೆ ಕೇಳಿದಳು: "ಅಂಚು ನೇರವಾಗಿದೆಯಾ? ಬಾಗಿದೆಯಾ?"

ಪಟ್ಟಿಯ ಅಂಚು ನೇರವಿದ್ದರೆ ಕೈಕೆಲಸ ಅಚ್ಚುಕಟ್ಟು ಎಂದರ್ಥ; ನಾನು ಅದನ್ನು ಗಮನಿಸಿರಲಿಲ್ಲ. ಹಾಗೆಂದೇ ಹೇಳಿದೆ.

2009ರಲ್ಲಿ ತೀರಿಕೊಳ್ಳುವವರೆಗೂ, ಸಿಕ್ಕಾಗಲೆಲ್ಲ ಅವಳು ಅದನ್ನೇ ಕೇಳುತ್ತಿದ್ದಳು: ಈಗೇನಾದರೂ ನೆನಪಾಯಿತೇ? ನೇರವಾಗಿತ್ತು ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ನಾನು ಹೇಳಲಿಲ್ಲ.