ಅತ್ತೆಯ ಸೀಮೆಸುಣ್ಣ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಹನ್ನೊಂದು ವರ್ಷದಿಂದ ಅಂಗಡಿಬೀದಿಯಲ್ಲಿ ಪಾರ್ಕಿಂಗ್ ಚೀಟಿ ಹರಿದು ಕೊಡುತ್ತಾಳೆ. ರಸ್ತೆಯಂಚಿನಲ್ಲಿ ನಲವತ್ತು ಕಾರು ನಿಲ್ಲುವ ಜಾಗ, ಇಡೀ ದಿನಕ್ಕೆ ಒಂದೇ ದರ. ಅದೇ ಬೀದಿಯಲ್ಲಿ ಅಪ್ಪನ ಚಪ್ಪಲಿ ಅಂಗಡಿ. ಅಪ್ಪ ಅಂಗಡಿಯವರ ಸಂಘದ ಅಧ್ಯಕ್ಷ ಬೇರೆ, ಕೇಳಬೇಕೆ!

ಆ ವರ್ಷ ವ್ಯಾಪಾರ ಬಿದ್ದುಹೋಗಿತ್ತು. ಗಿರಾಕಿಗಳು ಜಾಗ ಸಿಗದೆ ಎರಡು ಸುತ್ತು ಹಾಕಿ ಹೊರಟುಹೋಗುತ್ತಿದ್ದರು. ಸಂಘದವರು ತಲೆ ಕೆಡಿಸಿಕೊಂಡು, ತಪ್ಪೆಲ್ಲ ಚೀಟಿಯದೇ ಎಂದು ತೀರ್ಮಾನಿಸಿದರು. ಪಾರ್ಕಿಂಗ್ ಪುಕ್ಕಟೆ ಮಾಡಿ ಎಂದು ನಗರಸಭೆಗೆ ಅರ್ಜಿ ಹೋಯಿತು. ಮೊದಲ ಸಹಿ ಅಪ್ಪನದು. ಚೀಟಿ ಹೋದರೆ ತಂಗಿಯ ಕೆಲಸವೂ ಹೋಗುತ್ತದೆಂದು ಆ ಮಹಾನುಭಾವನಿಗೆ ಹೊಳೆದೇ ಇರಲಿಲ್ಲ! ನನಗಂತೂ ಮೈಯೆಲ್ಲ ಉರಿದುಹೋಯಿತು.

ಅತ್ತೆ ಅಳಲಿಲ್ಲ. "ಶುಕ್ರವಾರ ಸಂಜೆ ಅರ್ಜಿ ಬಗ್ಗೆ ಸಭೆ ಅಲ್ವಾ? ಒಂದ್ ಡಬ್ಬಿ ಸೀಮೆಸುಣ್ಣ ತಂದ್ಕೊಡು," ಎಂದಳು ನನಗೆ.

ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಗಂಟೆಗೊಮ್ಮೆ ಬೀದಿ ಸುತ್ತಿ, ನಿಂತ ಪ್ರತಿ ಕಾರಿನ ಟೈರಿಗೂ, ರಸ್ತೆಗೆ ಉಜ್ಜುವ ಕಡೆ, ಒಂದೊಂದು ಗೆರೆ ಎಳೆದಳು. ಕಾರು ಓಡಿದರೆ ಗೆರೆ ಅಳಿಸುತ್ತದೆ. ನಿಂತಲ್ಲೇ ನಿಂತರೆ ಗೆರೆಗಳು ಕೂಡುತ್ತಾ ಹೋಗುತ್ತವೆ.

ಸಂಜೆ ಐದೂವರೆಗೆ ಚಪ್ಪಲಿ ಡಬ್ಬಿಗಳ ನಡುವೆ ಸಭೆ. ನಗರಸಭೆಯ ಎಂಜಿನಿಯರ್ ಬಂದಿದ್ದರು. ಎಲ್ಲರೂ ಒಟ್ಟಿಗೇ ಬಾಯಿ ಮಾಡುತ್ತಿದ್ದಾಗ ಅತ್ತೆ ಒಳಗೆ ನುಗ್ಗಿದಳು.

"ಸರ್, ಐದ್ ನಿಮಿಷ ಹೊರಗ್ ಬನ್ನಿ."

ಎಲ್ಲರೂ ಹಿಂದೆಯೇ ಹೊರಟರು. ಬಟ್ಟೆ ಅಂಗಡಿ ಮುಂದಿನ ಕಾರಿಗೆ ಒಂಬತ್ತು ಗೆರೆ. ಔಷಧಿ ಅಂಗಡಿ ಮುಂದೆ ಒಂಬತ್ತು. ನಲವತ್ತರಲ್ಲಿ ಇಪ್ಪತ್ತೊಂಬತ್ತು ಕಾರು ಬೆಳಿಗ್ಗೆಯಿಂದ ಕದಲಿಯೇ ಇಲ್ಲ! ಎಲ್ಲವೂ ಅಂಗಡಿಯವರದೇ. ಅವರ ಮುಖ ನೋಡಬೇಕಿತ್ತು! ನಾನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದೆ.

ನಮ್ಮ ಅಂಗಡಿ ಬಾಗಿಲಿಗೇ ಅಂಟಿಕೊಂಡಂತೆ ಒಂದು ಬಿಳಿ ಕಾರು ನಿಂತಿತ್ತು. ಅದಕ್ಕೂ ಒಂಬತ್ತು.

"ಇದು ಯಾರ್ದು?" ಎಂದರು ಎಂಜಿನಿಯರ್.

ಅಪ್ಪ ಮೆಲ್ಲಗೆ ಜೇಬಿನಿಂದ ಕೀ ತೆಗೆದ. "ನಂದೇ ಸರ್."

"ಅಣ್ಣ, ನಿನ್ ಗಿರಾಕಿ ಜಾಗದಲ್ಲಿ ನೀನೇ ಕೂತಿದೀಯಲ್ಲೋ," ಎಂದಳು ಅತ್ತೆ. "ಪುಕ್ಕಟೆ ಮಾಡಿದ್ರೆ ಉಳಿದಿದ್ದನ್ನೂ ನೀವೇ ತುಂಬ್ತೀರಿ. ಸರ್, ಮೊದಲ್ನೇ ಗಂಟೆ ಅಗ್ಗ ಮಾಡಿ, ಆಮೇಲೆ ಗಂಟೆಗಂಟೆಗೂ ಏರ್ಸಿ. ಕೊಳ್ಳೋಕ್ ಬಂದೋರು ಕೊಂಡು ಹೊರಡ್ತಾರೆ. ಬರೀ ನಿಲ್ಸೋಕ್ ಬಂದೋರು ಬೇರೆ ಜಾಗ ನೋಡ್ಕೋತಾರೆ."

ಎಂಜಿನಿಯರ್ ಅಲ್ಲೇ ಬರೆದುಕೊಂಡರು. ಒಂದು ತಿಂಗಳು ಪ್ರಯೋಗ, ಚೀಟಿ ಅತ್ತೆಯ ಕೈಯಲ್ಲೇ.

ಸೋಮವಾರ ಅಪ್ಪ ಬೆವರು ಒರೆಸಿಕೊಳ್ಳುತ್ತಾ ನಡೆದೇ ಅಂಗಡಿಗೆ ಬಂದ. ಬಾಗಿಲ ಮುಂದೆ ಜಾಗ ಖಾಲಿ! ಹತ್ತು ನಿಮಿಷವಾಗಿಲ್ಲ, ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ಮೂವರು ಮಕ್ಕಳು ಇಳಿದರು, ಐದು ಜೊತೆ ಕಾಲು. ಅಪ್ಪ ಎಲ್ಲ ಮರೆತು ಬೀದಿಗೇ ಓಡಿಬಂದು ಕೂಗಿದ:

"ಎಲ್ಲಿದೀಯೇ? ಬೇಗ ಬಾ, ಇವ್ರಿಗೆ ಚೀಟಿ ಹರಿ!"