ನಿಲ್ಲಿಸಲು ಕಲಿಸಿದ ಕರಾಟೆ ಮಾಸ್ಟ್ರು

ನಮ್ಮ ಕರಾಟೆ ಮಾಸ್ಟ್ರಿಗೆ ಬಲಗೈಯ ಮುಷ್ಟಿ ಪೂರ್ತಿ ಕಟ್ಟಲು ಬರುತ್ತಿರಲಿಲ್ಲ. ಕಿರುಬೆರಳು ಅರ್ಧಕ್ಕೆ ಸೆಟೆದು ಹೊರಗೇ ನಿಲ್ಲುತ್ತಿತ್ತು. ಅಂಗೈಯ ಅಡ್ಡಕ್ಕೆ ಹಗ್ಗ ಕೊಯ್ದು ಮಾಗಿದ ಎರಡು ಬಿಳಿ ಗೆರೆಗಳಿದ್ದವು. ಹೊಸದಾಗಿ ಸೇರಿದ ಮಕ್ಕಳೆಲ್ಲ ಮೊದಲ ದಿನ ಆ ಬೆರಳನ್ನೇ ನೋಡುತ್ತಿದ್ದರು. ಅವರು ಅದನ್ನು ಅಡಗಿಸುತ್ತಿರಲಿಲ್ಲ. ಎಲ್ಲರ ಮುಂದೆ ಕೈ ಚಾಚಿ, ಇದು ಬೋಟಿನಲ್ಲಿ ಹಗ್ಗ ಎಳೆಯುವ ವಿಂಚಿಗೆ ಸಿಕ್ಕಿದ್ದು, ನಿಮ್ಮದು ಸರಿ ಉಂಟಲ್ಲ, ನೀವು ಸರಿಯಾಗಿ ಕಟ್ಟಿ ಎನ್ನುತ್ತಿದ್ದರು.

ಅವರ ಮನೆ ಹೊಳೆಯಾಚೆ, ಮೀನುಗಾರರ ಬೆಂಗ್ರೆಯಲ್ಲಿ. ತಂದೆ ಕಡಲಿಗೆ ಹೋದವರು ಒಂದು ಸಲ ಬರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಇವರೂ ಅದೇ ಕಡಲಿಗಿಳಿದರು. ಬೆರಳು ಸೆಟೆದ ಮೇಲೆ ಹಗ್ಗ ಎಳೆಯಲು ಆಗದೆ ಮುಂಬೈಗೆ ಹೋಗಿ, ಊರಿನವರೊಬ್ಬರ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದರು. ಆ ಕ್ಯಾಂಟೀನಿನ ಎದುರಿನ ಶಾಲೆಯ ಅಂಗಳದಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಬ್ಬ ಮುದುಕ ಕರಾಟೆ ಕಲಿಸುತ್ತಿದ್ದನಂತೆ. ಒಂದು ವರ್ಷ ಗೇಟಿನ ಹೊರಗೆ ನಿಂತು ನೋಡಿದ್ದು, ಆಮೇಲೆ ಹನ್ನೊಂದು ವರ್ಷ ಒಳಗೆ ನಿಂತು ಕಲಿತದ್ದು. ಇಷ್ಟು ಸಂಗತಿ ತಿಳಿಯಲು ನನಗೆ ಅವರ ಜೊತೆ ಎಷ್ಟೋ ವರ್ಷ ಬೇಕಾಯಿತು. ತಮ್ಮ ಬಗ್ಗೆ ಅವರು ಒಮ್ಮೆಗೆ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳಿದವರಲ್ಲ.

ನಾವು ಸೇರುವ ಹೊತ್ತಿಗೆ ಅವರು ಊರಿಗೆ ಮರಳಿ, ಬೆಳಿಗ್ಗೆ ಬೋಟುಗಳು ನಿಲ್ಲುವ ದಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿ, ಸಂಜೆ ಬಸ್ಸು ಹಿಡಿದು ಬಿಕರ್ನಕಟ್ಟೆಗೆ ಬರುತ್ತಿದ್ದರು. ಅಲ್ಲಿ ಒಂದು ಯುವಕ ಮಂಡಲದ ಸಭಾಂಗಣದಲ್ಲಿ ತರಗತಿ. ನನ್ನ ಅಣ್ಣನಿಗೆ ಆಗ ಹದಿಮೂರು, ನನಗೆ ಹತ್ತು. ಅಣ್ಣ ಸಣಕಲು ಹುಡುಗ. ಶಾಲೆಯಲ್ಲಿ ದಿನಾ ಪೆಟ್ಟು ತಿಂದು ಅಂಗಿಯ ಗುಂಡಿ ಹರಿದುಕೊಂಡು ಬರುತ್ತಿದ್ದ. ಅಪ್ಪ ದೇವಸ್ಥಾನದ ಅರ್ಚಕರು. ಹೊಡೆದಾಟ ಕಲಿಯುವುದು ನಮ್ಮಂಥವರಿಗಲ್ಲ ಎಂದು ಅವರು ಎಷ್ಟು ಹೇಳಿದರೂ ಅಮ್ಮ ಕೇಳಲಿಲ್ಲ. ಅಣ್ಣ ಒಬ್ಬನೇ ಹೋಗಲು ಹೆದರಿದ್ದರಿಂದ ಜೊತೆಗೆ ತಂಗಿಯಾದ ನನ್ನನ್ನೂ ಕಳಿಸಿದರು.

ಮೊದಲ ಎರಡು ತಿಂಗಳು ಅವರು ಬೀಳುವುದನ್ನು ಮಾತ್ರ ಕಲಿಸಿದರು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬೀಳುವುದು, ಬಿದ್ದು ಏಳುವುದು. ಆಮೇಲೆ ಗೋಡೆಗೆ ಮೊಳೆ ಹೊಡೆದು, ದಾರದಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ ತೂಗುಹಾಕಿದರು. ಎಷ್ಟು ಜೋರು ಬೇಕಾದರೂ ಹೊಡೆಯಬಹುದು, ಆದರೆ ಮುಷ್ಟಿ ಹಾಳೆಗೆ ತಾಗಬಾರದು. ಗಾಳಿಗೆ ಹಾಳೆ ಅಲ್ಲಾಡಬೇಕು, ಅಷ್ಟೆ. ಟೀವಿಯಲ್ಲಿ ಹಂಚು ಒಡೆಯುವುದನ್ನು ನೋಡಿ ಬಂದ ಹುಡುಗರಿಗೆ ಇದು ಸಾಕಾಗುತ್ತಿರಲಿಲ್ಲ. ಯಾವಾಗ ಹೊಡೆಯಲು ಕಲಿಸುತ್ತೀರಿ ಎಂದು ಒಬ್ಬ ಕೇಳಿಯೇಬಿಟ್ಟ.

"ಹೊಡೀಲಿಕ್ಕೆ ಎಲ್ಲರಿಗೂ ಬರ್ತದೆ ಮಾರಾಯ, ಅದಕ್ಕೆ ನಾನು ಯಾಕೆ? ನಿಲ್ಲಿಸ್ಲಿಕ್ಕೆ ಬರುದಿಲ್ಲ ಯಾರಿಗೂ. ಅದು ಬೇಕಾದ್ರೆ ನಾಳೆ ಬಾ."

ತರಗತಿಯಲ್ಲಿ ಕೊಂಕಣಿ ಮನೆಯವರು, ಬ್ಯಾರಿ ಮಾತಾಡುವ ಮುಸ್ಲಿಂ ಮನೆಯವರು, ನಾವು ತುಳುವರು, ಎಲ್ಲ ಇದ್ದೆವು. ಹಾಗಾಗಿ ಪಾಠ ಕನ್ನಡದಲ್ಲಿ. ಸಿಟ್ಟು ಬಂದರೆ ಮಾತ್ರ ತುಳು. ಸಿಟ್ಟು ಬೇಗ ಬರುತ್ತಿತ್ತು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಎಲ್ಲರೂ ನಗುವ ಹಾಗೆ ಅಣಕಿಸುತ್ತಿದ್ದರು. ಆಗ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹುಡುಗಿಯರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸವನ್ನು ಬಿಡಲು ಅವರಿಗೂ ನಾಲ್ಕು ವರ್ಷ ಬೇಕಾಯಿತು. ಆದರೆ ಬೆಲ್ಟಿನ ಪರೀಕ್ಷೆಯಲ್ಲಿ ಫೇಲಾದವರನ್ನು ಅದೇ ಸಂಜೆ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸುತ್ತಿದ್ದರು. ಪಾಸಾದವರಿಗೆ ಏನೂ ಇಲ್ಲ. ಹಸಿರು ಬೆಲ್ಟಿಗೆ ನಾನು ಫೇಲಾದಾಗ, ನಿನ್ನ ಅಣ್ಣನಿಗೆ ಬೆಲ್ಟು ಸಿಕ್ಕಿತು, ನಿನಗೂ ಎಂತಾದರೂ ಸಿಗಬೇಕಲ್ಲ ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದ್ದರು.

ಅಣ್ಣ ಅವರ ಮೆಚ್ಚಿನ ಶಿಷ್ಯ. ಎರಡೇ ವರ್ಷದಲ್ಲಿ ಮೈ ತುಂಬಿಕೊಂಡ. ಶಾಲೆಯಲ್ಲಿ ಅವನನ್ನು ಮುಟ್ಟುವವರಿರಲಿಲ್ಲ. ಅವನಿಗೆ ಒಂದೇ ಒಂದು ಚಾಳಿ ಇತ್ತು. ಒದೆಯುವ ಮೊದಲು ಎಡಗಾಲಿನ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತಿದ್ದ. ಎದುರಾಳಿಗೆ ಗೊತ್ತಾಗುತ್ತದೆ, ಬಿಡು ಎಂದು ಮಾಸ್ಟ್ರು ವರ್ಷಗಟ್ಟಲೆ ಹೇಳಿದರು. ಹಿಮ್ಮಡಿಯ ಕೆಳಗೆ ಚೆಂಡು ಇಟ್ಟು ನೋಡಿದರು. ಬಿಡಲಿಲ್ಲ.

ಬ್ರೌನ್ ಬೆಲ್ಟಿನ ಹೊತ್ತಿಗೆ ಒಂದು ದಿನ ಅಣ್ಣ ಅಭ್ಯಾಸದಲ್ಲಿ ಕಿರಿಯ ಹುಡುಗನೊಬ್ಬನ ಮೂಗಿಗೆ ಹೊಡೆದ. ತಪ್ಪಿ ಬಿದ್ದ ಪೆಟ್ಟಲ್ಲ, ನಾನು ಅಲ್ಲೇ ಇದ್ದೆ. ಮಾಸ್ಟ್ರು ಬೈಯಲಿಲ್ಲ. ರಕ್ತವಾದ ಆ ಹುಡುಗನ ಬಿಳಿ ಅಂಗಿಯನ್ನು ಅಣ್ಣನ ಕೈಯಿಂದಲೇ ಒಗೆಸಿದರು. ಮರುದಿನ ಇಸ್ತ್ರಿ ಮಾಡಿಸಿ, ಆ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಕೈಗೆ ಕೊಟ್ಟು ಬರಲು ಕಳಿಸಿದರು. ಆರು ತಿಂಗಳು ಅಣ್ಣನಿಗೆ ಹಾಳೆಯ ಅಭ್ಯಾಸ ಬಿಟ್ಟು ಬೇರೇನೂ ಇಲ್ಲ. ಅಣ್ಣ ಅತ್ತಿದ್ದ. ಅವನು ಕಲಿತ ಎಂದೇ ನಾವೆಲ್ಲ ತಿಳಿದೆವು. ಮುಂದೆ ಅವನಿಗೂ ನನಗೂ ಬ್ಲ್ಯಾಕ್ ಬೆಲ್ಟು ಸಿಕ್ಕಿತು.

ನಮ್ಮ ಮನೆಗೆ ಮಾಸ್ಟ್ರು ಆಗಾಗ ಬರುತ್ತಿದ್ದರು. ಜಗಲಿಯ ತುದಿಯಲ್ಲಿ ಕೂರುತ್ತಿದ್ದರು, ಅದಕ್ಕಿಂತ ಒಳಗೆ ಬಂದದ್ದಿಲ್ಲ. ಬನ್ನಿ ಎಂದು ಯಾರೂ ಕರೆದದ್ದೂ ಇಲ್ಲ. ಅಮ್ಮ ಅವರಿಗೆ ಚಹಾ ಕೊಡುತ್ತಿದ್ದ ಸ್ಟೀಲಿನ ಲೋಟ ಬೇರೆಯೇ ಇತ್ತು. ಕುಡಿದ ಮೇಲೆ ಅವರೇ ಅದನ್ನು ಅಂಗಳದ ನಳ್ಳಿಯಲ್ಲಿ ತೊಳೆದು ಕವುಚಿ ಇಟ್ಟು ಹೋಗುತ್ತಿದ್ದರು. ಹದಿನಾಲ್ಕು ವರ್ಷ ನಾನು ಇದನ್ನು ನೋಡಿದ್ದೇನೆ. ಒಮ್ಮೆಯೂ ಎದ್ದು ಆ ಲೋಟವನ್ನು ಅವರ ಕೈಯಿಂದ ತೆಗೆದುಕೊಳ್ಳಲಿಲ್ಲ.

ಅವರು ಸಹಿ ಮಾಡಿದ ಸರ್ಟಿಫಿಕೇಟಿನಿಂದಲೇ ನನಗೆ ನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿತು. ಅಣ್ಣ ಕಾರಿನ ಶೋರೂಮಿಗೆ ಸೇರಿದ. ತರಗತಿಗೆ ಬರುವುದನ್ನು ನಿಲ್ಲಿಸಿದ. ಅವನಿಗೆ ಹೊಸ ಗೆಳೆಯರಾದರು. ಊರಿನ ಹುಡುಗಿಯರನ್ನು ಕಾಪಾಡಬೇಕು ಎಂಬ ಮಾತು ಊಟದ ಹೊತ್ತಿನಲ್ಲೂ ಬರತೊಡಗಿತು. ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂತು. ಉಳ್ಳಾಲದ ಕಡಲ ಬದಿ. ಕಾಲೇಜಿನ ಒಬ್ಬ ಹುಡುಗ, ಒಬ್ಬಳು ಹುಡುಗಿ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದರಂತೆ. ಅವನ ಧರ್ಮ ಬೇರೆ, ಅವಳದ್ದು ಬೇರೆ. ಮುಖಕ್ಕೆ ಕರವಸ್ತ್ರ ಕಟ್ಟಿದ ಐದು ಜನ ಸುತ್ತುವರಿದಿದ್ದರು. ಹುಡುಗ ಕೈಮುಗಿಯುತ್ತಿದ್ದ. ಒಬ್ಬ ಎದುರಿಗೆ ಬಂದು ನಿಂತ. ಎಡ ಹಿಮ್ಮಡಿಯನ್ನು ಮರಳಿಗೆ ಎರಡು ಸಲ ಕುಟ್ಟಿದ. ಆಮೇಲೆ ಅವನ ಕಾಲು ಹುಡುಗನ ಕಿವಿಯ ಮೇಲೆ ಬಿತ್ತು.

ನಾನು ಮೊಬೈಲನ್ನು ಕವುಚಿ ಇಟ್ಟು, ಬೆಲ್ ಹೊಡೆದಾಗ ಎದ್ದು ಕ್ಲಾಸಿಗೆ ಹೋದೆ. ಅಂದು ಏಳನೇ ಕ್ಲಾಸಿನ ಹುಡುಗಿಯರಿಗೆ ಮುಷ್ಟಿ ಕಟ್ಟುವುದನ್ನು ಕಲಿಸಿದೆ.

ಆ ಭಾನುವಾರ ಬೆಳಿಗ್ಗೆ ಮಾಸ್ಟ್ರು ಬಂದರು. ಅಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ಅಪ್ಪ ಪೂಜೆ ಮುಗಿಸಿ ಆಗಷ್ಟೇ ಬಂದಿದ್ದರು. ಮಾಸ್ಟ್ರು ಅಂದು ಕೂರಲಿಲ್ಲ. ಮನೆಗೆ ಬಂದರೆ ನಮ್ಮ ಜೊತೆ ಯಾವಾಗಲೂ ತುಳುವಿನಲ್ಲಿ ಮಾತಾಡುವವರು ಅಂದು ತರಗತಿಯ ಕನ್ನಡದಲ್ಲೇ ಮಾತಾಡಿದರು.

"ನೀನೇ ಹೋಗಿ ಹೇಳು. ನಾನು ಬರ್ತೇನೆ ನಿನ್ನೊಟ್ಟಿಗೆ ಸ್ಟೇಷನ್ನಿಗೆ. ತಪ್ಪು ನನ್ನದೂ ಉಂಟು, ನಿನಗೆ ಬೆಲ್ಟು ಬೇಗ ಕೊಟ್ಟೆ. ಅದನ್ನೂ ಹೇಳ್ತೇನೆ."

ಅಣ್ಣ ಪೇಪರಿನಿಂದ ತಲೆ ಎತ್ತದೆ, ಎಂತದು ಮಾಸ್ಟ್ರೇ, ಯಾರದ್ದೋ ವಿಡಿಯೋ ನೋಡಿ ಬಂದಿದ್ದೀರಿ ಎಂದ. ಮಾಸ್ಟ್ರು ಅವನ ಕಾಲುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ನೀನು ನೋಡಿದ್ದಿ ಅಲ್ವಾ? ಹೇಳು, ಆ ಕಾಲು ಯಾರದ್ದು?"

ಅಪ್ಪ ನನ್ನನ್ನು ನೋಡಿದರು. ಒಳಗೆ ಅಮ್ಮನ ಪಾತ್ರೆಯ ಸದ್ದು ನಿಂತಿತು.

"ಗೊತ್ತಿಲ್ಲ ಮಾಸ್ಟ್ರೇ," ಎಂದೆ.

ಅಪ್ಪನಿಗೆ ಅಷ್ಟೇ ಸಾಕಾಯಿತು. ಮೀನು ಹಿಡಿಯುವವನೊಬ್ಬ ಬಂದು ಹೇಳಿದ ಎಂದು ನನ್ನ ಮಗನನ್ನು ಪೊಲೀಸರಿಗೆ ಒಪ್ಪಿಸಬೇಕೇ, ನಿನ್ನನ್ನು ಜಗಲಿ ಹತ್ತಿಸಿದ್ದೇ ತಪ್ಪಾಯಿತು ಎಂದರು. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ್ದ ಮನುಷ್ಯನನ್ನು ಅಂದು ಏಕವಚನಕ್ಕೆ ಇಳಿಸಿದರು. ಮಾಸ್ಟ್ರು ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಂಡು ಗೇಟನ್ನು ನಿಧಾನಕ್ಕೆ ಮುಚ್ಚಿ ಹೋದರು.

ಅವರು ನೇರ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟರು. ಈ ಕಾಲಿಗೆ ಕಲಿಸಿದವನು ನಾನು ಎಂದು ಅದರಲ್ಲಿ ಬರೆಸಿದ್ದರಂತೆ. ಪೊಲೀಸರು ಅಣ್ಣನನ್ನು ಕರೆಸಿದರು, ಅದೇ ದಿನ ಸಂಜೆ ಬಿಟ್ಟರು. ಹಿಮ್ಮಡಿ ಕುಟ್ಟುವುದು ಸಾಕ್ಷಿಯಾಗುವುದಿಲ್ಲ, ಜೊತೆಗೆ ಕಲಿತವರು ಇನ್ನೊಬ್ಬರು ಯಾರಾದರೂ ಹೇಳಿದರೆ ನೋಡೋಣ ಎಂದಿದ್ದರಂತೆ. ಯಾರೂ ಹೇಳಲಿಲ್ಲ. ಆ ಹುಡುಗನ ಒಂದು ಕಿವಿ ಹೋಯಿತು. ಅವನ ಮನೆಯವರು ಹೆದರಿ ಅವನನ್ನು ಬೇರೆ ಊರಿನ ಕಾಲೇಜಿಗೆ ಸೇರಿಸಿದರು. ಹುಡುಗಿಯ ವಿಷಯ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಭಾಂಗಣಕ್ಕೆ ರಿಪೇರಿ ಉಂಟೆಂದು ಮಂಡಲದವರು ಬೀಗ ಹಾಕಿದರು. ರಿಪೇರಿ ಆಗಲಿಲ್ಲ, ಬೀಗವೂ ತೆಗೆಯಲಿಲ್ಲ. ಸ್ವಂತ ಶಿಷ್ಯನನ್ನೇ ಹಿಡಿದುಕೊಡಲು ಹೋದವನು ಎಂದು ಮಾತು ಹಬ್ಬಿತು. ಬೆಂಗ್ರೆಯಲ್ಲಿ ಅವರ ಸ್ವಂತ ಜನರೂ ನಮ್ಮವನಾಗಿ ಹೀಗೆ ಮಾಡಬಹುದಾ ಎಂದು ಮುಖ ತಿರುಗಿಸಿದರು. ನಲವತ್ತು ಮಕ್ಕಳಲ್ಲಿ ಅವರ ಬಳಿ ಉಳಿದದ್ದು ನಾಲ್ವರು. ಅವರಿಗೆ ಬೆಂಗ್ರೆಯ ಮರಳಿನಲ್ಲೇ ಕಲಿಸುತ್ತಿದ್ದರು. ಆ ನಾಲ್ವರಲ್ಲಿ ಮೂವರು ಬ್ಯಾರಿ ಮನೆಯ ಹುಡುಗಿಯರು. ಅದಕ್ಕೂ ಜನ ಬೇರೆ ಅರ್ಥ ಹಚ್ಚಿದರು. ಐಸ್ ಪ್ಲಾಂಟಿನವರೂ ಏನೋ ನೆಪ ಹೇಳಿ ಬಿಡಿಸಿದ ಮೇಲೆ ಅವರು ಬಲೆ ರಿಪೇರಿಗೆ ಕೂತರು.

ಮೂರು ವರ್ಷ ನಾನು ಆ ಕಡೆ ಸುಳಿಯಲಿಲ್ಲ. ಅವರಿಗೆ ಶ್ವಾಸಕೋಶದ ಕಾಯಿಲೆ ಎಂದು ಕೇಳಿದ ಮೇಲೆ ಒಂದು ಶನಿವಾರ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ತೆಂಗಿನ ಮರದ ನೆರಳಿನಲ್ಲಿ ಬಲೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದರು. ಭುಜದ ಎಲುಬು ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ನನ್ನನ್ನು ನೋಡಿ ಕೂತುಕೋ ಎಂದರು. ಶಾಲೆಯಲ್ಲಿ ಹುಡುಗಿಯರು ಬೀಳುವುದನ್ನು ಕಲಿತರೋ ಎಂದು ಕೇಳಿದರು. ಅವರ ಹೆಂಡತಿ ಒಳಗಿನಿಂದ ಚಹಾ ತಂದುಕೊಟ್ಟರು. ಕುಡಿದು ಮುಗಿಸಿದವಳೇ ತೊಳೆಯಲು ಎದ್ದೆ. ಆ ತಾಯಿ ಕೈಯಿಂದ ಕಿತ್ತುಕೊಂಡು, ಮನೆಗೆ ಬಂದವರು ಲೋಟ ತೊಳೆಯುವುದುಂಟಾ ಎಂದರು.

ನಿಂತಲ್ಲಿಂದಲೇ ಹೇಳಿದೆ. "ಅದು ಅಣ್ಣನೇ ಮಾಸ್ಟ್ರೇ. ನಂಗೆ ಆವತ್ತೇ ಗೊತ್ತಿತ್ತು."

ಅವರು ಬಲೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನೆರಡು ಗಂಟು ಹಾಕಿದರು.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನಂಗೆ ಗೊತ್ತೇ ಇತ್ತಲ್ಲ. ಸ್ಟೇಷನ್ ಹೊಳೆಯ ಆಚೆ ಬದಿ ಉಂಟು."

ಸಿಟ್ಟಿನಲ್ಲಿ ಹೇಳಿದ್ದಲ್ಲ. ದಾರಿ ಕೇಳಿದವರಿಗೆ ಹೇಳಿದ ಹಾಗೆ ಹೇಳಿದರು. ಫೆರಿ ಬರುವ ಹೊತ್ತಾಯಿತು, ಹೊರಡು ಎಂದರು. ನಾನು ಹೊರಟೆ. ಈಚೆ ದಡಕ್ಕೆ ಇಳಿದು, ಬಸ್ಸು ಹಿಡಿದು ಮನೆಗೆ ಬಂದೆ.

ಈ ಸಲದ ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ವಾರ ಅವರು ತೀರಿಕೊಂಡರು. ಸುದ್ದಿ ನನಗೆ ಸಿಕ್ಕಿದ್ದು ಅಣ್ಣನ ಮೊಬೈಲ್ ಸ್ಟೇಟಸ್‌ನಿಂದ. ಹಳೆಯ ಗ್ರೂಪ್ ಫೋಟೋ ಹಾಕಿ, ನನ್ನ ಬದುಕು ರೂಪಿಸಿದ ಗುರು ಎಂದು ಬರೆದಿದ್ದ. ಅವನಿಗೆ ಈಗ ಸ್ವಂತ ಜಿಮ್ ಇದೆ. ಊರಿನ ಕಾರ್ಯಕ್ರಮಗಳಲ್ಲಿ ಅವನಿಗೆ ವೇದಿಕೆಯ ಮೇಲೆ ಕುರ್ಚಿ ಹಾಕುತ್ತಾರೆ. ಹತ್ತು ದಿನ ಕಳೆದ ಮೇಲೆ ಹಳೆಯ ವಿದ್ಯಾರ್ಥಿಗಳದ್ದೆಂದು ಒಂದು ಶ್ರದ್ಧಾಂಜಲಿ ಸಭೆಯನ್ನು ಅವನೇ ಏರ್ಪಡಿಸಿದ. ಅದೇ ಸಭಾಂಗಣ. ಬೀಗ ತೆಗೆದಿದ್ದರು. ಮಾಸ್ಟ್ರ ಹೆಂಡತಿಯನ್ನು ಕರೆದಿದ್ದರಂತೆ, ಅವರು ಬರಲಿಲ್ಲ. ಮರಳಿನಲ್ಲಿ ಕಲಿತ ಆ ನಾಲ್ವರನ್ನು ಕರೆಯಲು ಯಾರಿಗೂ ನೆನಪಾಗಲಿಲ್ಲ.

ನನ್ನನ್ನು ಮಾತಾಡಲು ಕರೆದರು. ಮೈಕಿನ ಮುಂದೆ ನಿಂತಾಗ ಎದುರಿನ ಸಾಲಿನಲ್ಲಿ ಅಪ್ಪ, ಅವರ ಪಕ್ಕದಲ್ಲಿ ಅಣ್ಣ. ಹೇಳಬೇಕಾದದ್ದು ಒಂದೇ ವಾಕ್ಯವಿತ್ತು. ನಾನು ಮಾಸ್ಟ್ರ ಶಿಸ್ತಿನ ಬಗ್ಗೆ ಮಾತಾಡಿದೆ. ಒಂದು ದಿನವೂ ತಡ ಮಾಡಿದವರಲ್ಲ ಎಂದೆ. ಗೋಳಿಬಜೆಯ ಕಥೆ ಹೇಳಿದಾಗ ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಮುಗಿಸಿದಾಗ ಚಪ್ಪಾಳೆ ಬಿತ್ತು.

ಅಣ್ಣನ ಕಾರಿನಲ್ಲೇ ಮನೆಗೆ ಬಂದೆವು. ಅಪ್ಪ ಹಿಂದೆ ಕೂತು ತೂಕಡಿಸುತ್ತಿದ್ದರು. ನಂತೂರು ಸಿಗ್ನಲಿನಲ್ಲಿ ಕಾರು ನಿಂತಾಗ ಅಣ್ಣ ನನ್ನ ಕಡೆ ತಿರುಗಿ, ಇವತ್ತು ಎಲ್ಲರಿಗಿಂತ ಚಂದ ಮಾತಾಡಿದ್ದು ನೀನೇ ಎಂದ.

ನಾನು ಥ್ಯಾಂಕ್ಸ್ ಎಂದೆ.