ಖಾಲಿ ಅಡುಗೆಮನೆಯ ಸಿನಿಮಾ

ಶುಕ್ರವಾರ ಮಧ್ಯಾಹ್ನ, ಗಲ್ಫಿನಲ್ಲಿ ಅಕ್ಕ ಇರುವ ಮದೀನತ್ ಖಲೀಫಾ ಬಡಾವಣೆ. ಅಕ್ಕನ ಮನೆಗೆಲಸದ, ಫಿಲಿಪೀನ್ಸಿನ ರೋಸಿಗೆ ರಜೆ. "ನಮ್ಮ ದೇಶದವರೊಬ್ಬರು ನಮ್ಮಂಥವರ ಬಗ್ಗೆ ಬರೀತಾರೆ, ಸಿನಿಮಾನೂ ಮಾಡ್ತಾರೆ. ಬರ್ತೀರಾ ಮೇಡಂ?" ಅಂದಳು. ನಾನೂ ಬರೆಯುವವಳಲ್ಲವೇ ಎಂಬ ಜಂಬದಿಂದ ಹೊರಟೆ.

ಕಿರಾಣಿ ಅಂಗಡಿಯ ಮೇಲೊಂದು ಕೋಣೆ. ಕಿಟಕಿಗೆ ಪರದೆ, ಗೋಡೆಗೆ ಬಿಳಿ ಬೆಡ್‌ಶೀಟ್. ಎದುರಿಗೆ ಹತ್ತು ಹನ್ನೆರಡು ಫಿಲಿಪೀನಿ ಹೆಂಗಸರು, ಎಲ್ಲರೂ ಮನೆಗೆಲಸದವರೇ. ಸಿನಿಮಾ ಮಾಡಿದಾಕೆ ನರೆಗೂದಲಿನ ಸಣ್ಣ ಹೆಂಗಸು. "ಮುಖ ತೋರಿಸಿದರೆ ಇವರ ಕೆಲಸ ಹೋಗುತ್ತೆ. ಅದಕ್ಕೇ ಅವರವರ ಅಡುಗೆಮನೆಯನ್ನು ಅವರವರೇ ಫೋನಲ್ಲಿ ಹಿಡಿದು ತಂದಿದ್ದಾರೆ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

ಒಂದಾದ ಮೇಲೊಂದು ಖಾಲಿ ಅಡುಗೆಮನೆ ಬಂತು. ಎಲ್ಲೂ ಮನುಷ್ಯರಿಲ್ಲ, ಒಳಗಿನಿಂದ ಕರೆಯುವ ಸದ್ದು ಮಾತ್ರ. ಒಂದರಲ್ಲಿ ಯಾರೋ ಗಂಟೆ ಬಾರಿಸಿದರು. ಕಿಟಕಿ ಪಕ್ಕದವಳು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತಳು. ಇನ್ನೊಂದರಲ್ಲಿ ಚಪ್ಪಾಳೆ, ಹಿಂದಿನ ಸಾಲಿನವಳು ಎದ್ದಳು. ಯಾರೂ ನಗಲಿಲ್ಲ.

ಆಮೇಲೆ ಬಂದ ಅಡುಗೆಕಟ್ಟೆಯ ಮೇಲೆ ಕಾಯಿ ತುರಿಯುವ ಮಣೆ ಇತ್ತು. ಐದು ದಿನದ ಹಿಂದೆ ಮಂಗಳೂರಿನಿಂದ ನಾನೇ ಅಕ್ಕನಿಗೆ ಹೊತ್ತು ತಂದದ್ದು.

"ರೋಸಿ, ಟೀ! ಯಲ್ಲಾ, ಯಲ್ಲಾ!"

ಬೇಗ ಬೇಗ ಎನ್ನುವ ಆ ಅರಬ್ಬಿ ಮಾತನ್ನು ಬಂದ ಮರುದಿನವೇ ಕಲಿತು ಖುಷಿಪಟ್ಟಿದ್ದೆ. ದನಿ ನನ್ನದೇ.

ನಾನು ರೋಸಿಯ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆದರೂ ಅವಳು ಎದ್ದಳು. ನನ್ನತ್ತ ನೋಡದೆ, ಆ ಬಿಳಿ ಬಟ್ಟೆಯ ಕಡೆಗೆ ನಡೆದಳು.